ಬಿರುಗಾಳಿಗೆ ಮುನ್ನ ಎಚ್ಚರಿಕೆಯ ಗಂಟೆ: ಕಡಲತಡಿಯ ಒಂದು ವಿಶ್ವವಿದ್ಯಾಲಯ ಆಸ್ಪತ್ರೆ ಕಲಿಸುವ ಪಾಠ

ಅಟ್ಲಾಂಟಿಕ್ ಸಾಗರದಲ್ಲಿ ಪ್ರತಿ ವರ್ಷ ಜೂನ್ 1ರಿಂದ ನವೆಂಬರ್ 30ರ ವರೆಗಿನ ಆರು ತಿಂಗಳನ್ನು ಹರಿಕೇನ್ ಋತು ಎಂದು ಕರೆಯುತ್ತಾರೆ. ಈ ಅವಧಿಯಲ್ಲಿ ಅಮೆರಿಕದ ಪೂರ್ವ ಮತ್ತು ದಕ್ಷಿಣ ಕರಾವಳಿಯ ಆಸ್ಪತ್ರೆಗಳು ಆಕಾಶದ ಮೇಲೆ ಒಂದು ಕಣ್ಣಿಟ್ಟುಕೊಂಡೇ ಕೆಲಸ ಮಾಡುತ್ತವೆ. ನಮ್ಮ ಕರಾವಳಿಯ ಹಲವು ಮನೆಗಳ ಮಕ್ಕಳು ದಾದಿಯರಾಗಿ, ವೈದ್ಯರಾಗಿ, ತಂತ್ರಜ್ಞರಾಗಿ ಹೊರದೇಶದ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. “ಬಿರುಗಾಳಿ ಬರುತ್ತಿದೆ, ಮೂರು ನಾಲ್ಕು ದಿನ ಆಸ್ಪತ್ರೆಯಲ್ಲೇ ಉಳಿಯಬೇಕು, ಫೋನು ಸಿಗದಿದ್ದರೆ ಗಾಬರಿಯಾಗಬೇಡಿ” ಎಂಬ ಸಂದೇಶ ಬಂದಾಗ ಇಲ್ಲಿ ಮನೆಯವರು ಆತಂಕಪಡುವುದು ಸಹಜ. ಆ ನಾಲ್ಕು ದಿನಗಳಲ್ಲಿ ಆಸ್ಪತ್ರೆಯೊಳಗೆ ಏನು ನಡೆಯುತ್ತದೆ? ರೋಗಿಗಳನ್ನು ಸಾಗಿಸಬೇಕೋ ಬೇಡವೋ ಎಂದು ಯಾರು, ಯಾವಾಗ ತೀರ್ಮಾನಿಸುತ್ತಾರೆ? ಎಚ್ಚರಿಕೆಯ ಸಂದೇಶ ಹೇಗೆ ಹರಡುತ್ತದೆ? ಇವನ್ನು ಒಂದು ನಿಜ ಉದಾಹರಣೆಯ ಮೂಲಕ ತಿಳಿದುಕೊಳ್ಳೋಣ. ಆ ಉದಾಹರಣೆ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ದ್ವೀಪದ ವಿಶ್ವವಿದ್ಯಾಲಯ ಆಸ್ಪತ್ರೆ.

ಹರಿಕೇನ್ ಎಂದರೇನು?

ನಾವು ಚಂಡಮಾರುತ ಅಥವಾ ಸೈಕ್ಲೋನ್ ಎನ್ನುವುದನ್ನೇ ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಚೀನಾ ಜಪಾನ್ ಕಡೆಯ ಸಮುದ್ರದಲ್ಲಿ ಟೈಫೂನ್ ಎನ್ನುತ್ತಾರೆ. ಬೆಚ್ಚಗಿನ ಕಡಲ ನೀರಿನಿಂದ ಶಕ್ತಿ ಪಡೆದು ಸುತ್ತುವ ಗಾಳಿಯ ವೇಗ ಗಂಟೆಗೆ 63 ಕಿಲೋಮೀಟರ್ ತಲುಪಿದಾಗ ಅದಕ್ಕೊಂದು ಹೆಸರು ಸಿಗುತ್ತದೆ. ವೇಗ 119 ಕಿಲೋಮೀಟರ್ ತಲುಪಿದರೆ ಅದು ಹರಿಕೇನ್. ಅಲ್ಲಿಂದ ಮುಂದೆ ಗಾಳಿಯ ಬಲದ ಪ್ರಕಾರ ಒಂದರಿಂದ ಐದರ ವರೆಗೆ ದರ್ಜೆಗಳಿವೆ. ಋತುವಿನ ತುತ್ತತುದಿ ಸೆಪ್ಟೆಂಬರ್ 10ರ ಆಸುಪಾಸು.

ಇಲ್ಲೊಂದು ಮುಖ್ಯ ವಿಷಯವನ್ನು ಗಮನಿಸಬೇಕು. ಈ ದರ್ಜೆಗಳು ಗಾಳಿಯ ವೇಗವನ್ನು ಮಾತ್ರ ಹೇಳುತ್ತವೆ. ಕಡಲು ಎಷ್ಟು ಎತ್ತರಕ್ಕೆ ಉಬ್ಬಿ ಒಳನುಗ್ಗುತ್ತದೆ, ಎಷ್ಟು ಮಳೆ ಸುರಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಆದರೆ ಹರಿಕೇನ್‌ಗಳಲ್ಲಿ ಜನರ ಪ್ರಾಣವನ್ನು ಹೆಚ್ಚಾಗಿ ತೆಗೆಯುವುದು ಗಾಳಿಯಲ್ಲ, ನೀರು. “ಎರಡನೇ ದರ್ಜೆಯದ್ದು ತಾನೇ” ಎಂದು ಹಗುರವಾಗಿ ಎಣಿಸಿದವರು ಪೆಟ್ಟು ತಿಂದಿದ್ದಾರೆ. ಇದೇ ಕಾರಣಕ್ಕೆ 2017ರಿಂದ ಅಮೆರಿಕದ ಹವಾಮಾನ ಇಲಾಖೆ ಗಾಳಿಯ ಎಚ್ಚರಿಕೆಯ ಜೊತೆಗೆ ಕಡಲುಬ್ಬರದ ಎಚ್ಚರಿಕೆಯನ್ನೂ ಪ್ರತ್ಯೇಕವಾಗಿ ಪ್ರಕಟಿಸುತ್ತಿದೆ.

1900: ತಲುಪದೇ ಹೋದ ಎಚ್ಚರಿಕೆ

ಗ್ಯಾಲ್ವೆಸ್ಟನ್ ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿರುವ ಉದ್ದನೆಯ ಮರಳ ದ್ವೀಪ. 1847ರಲ್ಲಿ ಸ್ಥಾಪನೆಯಾದ ಗ್ಯಾಲ್ವೆಸ್ಟನ್ ಧರ್ಮಪ್ರಾಂತ್ಯ ಇಡೀ ಟೆಕ್ಸಾಸ್‌ಗೆ ಮೊದಲನೆಯದು. 1866ರಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಕ್ಲಾಡ್ ದುಬುಯಿ ಅವರ ಕರೆಗೆ ಓಗೊಟ್ಟು ಫ್ರಾನ್ಸಿನ ಲಿಯೋನ್ ನಗರದಿಂದ ಮೂವರು ಧರ್ಮಭಗಿನಿಯರು ಬಂದರು. ಮರುವರ್ಷವೇ ಅವರು ಒಂದು ಆಸ್ಪತ್ರೆಯನ್ನು ತೆರೆದರು. ಇವರೇ ಸಿಸ್ಟರ್ಸ್ ಆಫ್ ಚಾರಿಟಿ ಆಫ್ ದಿ ಇನ್‌ಕಾರ್ನೇಟ್ ವರ್ಡ್ ಎಂಬ ಸಭೆಯವರು. ಮುಂದೆ ಕಡಲ ದಂಡೆಯಲ್ಲಿ ಸಂತ ಮೇರಿಯ ಅನಾಥಾಲಯವನ್ನೂ ನಡೆಸಿದರು. 1890ರಲ್ಲಿ ಜಾನ್ ಸೀಲಿ ಆಸ್ಪತ್ರೆಯೂ 1891ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜೂ ಇದೇ ದ್ವೀಪದಲ್ಲಿ ಆರಂಭವಾದವು.

1900ರ ಸೆಪ್ಟೆಂಬರ್ 8ರಂದು ಬಂದ ಬಿರುಗಾಳಿ ಈ ನಗರವನ್ನು ನುಂಗಿತು. ಆಗ ದ್ವೀಪದ ಅತ್ಯಂತ ಎತ್ತರದ ಜಾಗವೇ ಸಮುದ್ರ ಮಟ್ಟದಿಂದ ಒಂಬತ್ತು ಅಡಿಗೂ ಕಡಿಮೆ. ಕಡಲು ಉಬ್ಬಿದ್ದು ಹದಿನೈದು ಅಡಿಗೂ ಮಿಗಿಲಾಗಿ. ಸತ್ತವರ ಸಂಖ್ಯೆ 6,000ದಿಂದ 12,000 ಎಂದು ಅಂದಾಜಿಸುತ್ತಾರೆ. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜೀವಗಳನ್ನು ಬಲಿ ಪಡೆದ ಪ್ರಕೃತಿ ವಿಕೋಪ ಇನ್ನೊಂದಿಲ್ಲ.

ಅನಾಥಾಲಯದಲ್ಲಿ ಅಂದು 10 ಮಂದಿ ಭಗಿನಿಯರೂ 93 ಮಂದಿ ಮಕ್ಕಳೂ ಇದ್ದರು. ನೀರು ಏರುತ್ತಿದ್ದಂತೆ ಭಗಿನಿಯರು ಮಕ್ಕಳನ್ನು ಮೇಲಂತಸ್ತಿಗೆ ಕರೆದೊಯ್ದು, ಬಟ್ಟೆ ಒಣಹಾಕುವ ಹಗ್ಗದಿಂದ ಆರೆಂಟು ಮಕ್ಕಳಂತೆ ತಮ್ಮ ನಡುವಿಗೆ ಕಟ್ಟಿಕೊಂಡರು. ಭಯ ಮರೆಸಲು ‘ಕ್ವೀನ್ ಆಫ್ ದ ವೇವ್ಸ್’ ಎಂಬ ಮರಿಯಮ್ಮನವರ ಗೀತೆಯನ್ನು ಹಾಡಿಸಿದರು. ಕಟ್ಟಡ ಕುಸಿಯಿತು. ಮರವೊಂದನ್ನು ಹಿಡಿದು ಬದುಕುಳಿದವರು ಮೂವರು ಹುಡುಗರು ಮಾತ್ರ. ಇಂದಿಗೂ ಪ್ರತಿ ಸೆಪ್ಟೆಂಬರ್ 8ರಂದು ಆ ಸಭೆಯ ಭಗಿನಿಯರು ತಾವು ಎಲ್ಲೇ ಇದ್ದರೂ ಆ ಗೀತೆಯನ್ನು ಹಾಡಿ ಮಡಿದವರನ್ನು ನೆನೆಯುತ್ತಾರೆ. ಕನ್ಯಾ ಮರಿಯಮ್ಮನವರ ಜನನದ ಹಬ್ಬದ ಆ ದಿನ ನಮ್ಮ ಕರಾವಳಿಯಲ್ಲಿ ಮೊಂತಿ ಹಬ್ಬ, ಹೊಸ ತೆನೆಯ ಸಂಭ್ರಮ. ಅದೇ ದಿನ ಗ್ಯಾಲ್ವೆಸ್ಟನ್‌ಗೆ ಶೋಕದ ದಿನವೂ ಹೌದು.

ಈ ದುರಂತದ ಹಿಂದೆ ನಮ್ಮ ಓದುಗರಿಗೆ ಅಷ್ಟಾಗಿ ತಿಳಿಯದ ಒಂದು ಸಂಗತಿಯಿದೆ. ಕ್ಯೂಬಾದ ಹವಾನಾ ನಗರದಲ್ಲಿ ಯೇಸುಸಭೆಯವರು ನಡೆಸುತ್ತಿದ್ದ ಬೆಲೆನ್ ವೀಕ್ಷಣಾಲಯ ಆ ಕಾಲದಲ್ಲಿ ಬಿರುಗಾಳಿಯ ಅಧ್ಯಯನಕ್ಕೆ ಹೆಸರಾಗಿತ್ತು. ಅದರ ನಿರ್ದೇಶಕರಾಗಿದ್ದ ಫಾದರ್ ಬೆನಿತೊ ವಿನ್ಯೆಸ್ ಮೋಡಗಳ ಚಲನೆ ಮತ್ತು ವಾಯುಭಾರವನ್ನು ಅಳೆದು 1875ರಲ್ಲೇ ಹರಿಕೇನ್ ಮುನ್ಸೂಚನೆಯನ್ನು ಪ್ರಕಟಿಸಿದ್ದರು. ಅವರ ನಂತರ ಬಂದ ಫಾದರ್ ಲೊರೆಂಜೊ ಗಂಗೊಯಿತಿ 1900ರ ಬಿರುಗಾಳಿ ಟೆಕ್ಸಾಸ್ ಕಡೆಗೆ ಸಾಗುತ್ತಿದೆ ಎಂದು ಸರಿಯಾಗಿಯೇ ಗ್ರಹಿಸಿದ್ದರು. ಆದರೆ ಆಗ ಕ್ಯೂಬಾ ಅಮೆರಿಕದ ಆಡಳಿತದಲ್ಲಿತ್ತು. ಕ್ಯೂಬಾದವರು ಸುಮ್ಮನೆ ಭಯ ಹುಟ್ಟಿಸುತ್ತಾರೆಂದು ಭಾವಿಸಿದ ವಾಷಿಂಗ್ಟನ್ನಿನ ಹವಾಮಾನ ಕಚೇರಿ, ಅವರ ಹವಾಮಾನ ತಂತಿಗಳು ಸರ್ಕಾರಿ ತಂತಿಮಾರ್ಗದಲ್ಲಿ ಹೋಗದಂತೆ ತಡೆಹಿಡಿಸಿತ್ತು. ಬಿರುಗಾಳಿ ಫ್ಲೋರಿಡಾ ಕಡೆಗೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ ಎಂಬುದು ಕಚೇರಿಯ ಲೆಕ್ಕ. ಅರಿವು ಇತ್ತು, ಅದು ತಲುಪಬೇಕಾದವರಿಗೆ ತಲುಪಲಿಲ್ಲ. ಇಂದಿನ ತುರ್ತು ಎಚ್ಚರಿಕೆ ವ್ಯವಸ್ಥೆಗಳೆಲ್ಲ ತುಂಬಲು ಯತ್ನಿಸುತ್ತಿರುವುದು ಈ ಅಂತರವನ್ನೇ.

ಗೋಡೆ ಕಟ್ಟಿದರೂ ಹಿಂಬಾಗಿಲಿನಿಂದ ಬಂದ ನೀರು

ದುರಂತದ ಬಳಿಕ ಗ್ಯಾಲ್ವೆಸ್ಟನ್ ಜನರು 17 ಅಡಿ ಎತ್ತರದ ಕಡಲಗೋಡೆಯನ್ನು ಕಟ್ಟಿದರು. ಮೊದಲ ಹಂತ 1904ರಲ್ಲಿ ಮುಗಿಯಿತು. ಮನೆಗಳನ್ನೂ ದೇವಾಲಯಗಳನ್ನೂ ಜಾಕಿಗಳ ಮೇಲೆ ಎತ್ತಿ, ಕೆಳಗೆ ಮರಳು ತುಂಬಿ, ಊರಿನ ನೆಲವನ್ನೇ ಏರಿಸಿದರು. ಆ ಬಲದ ಮೇಲೆ ವಿಶ್ವವಿದ್ಯಾಲಯದ ಆಸ್ಪತ್ರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಯಾವ ಬಿರುಗಾಳಿಗೂ ಪೂರ್ತಿ ಖಾಲಿಯಾಗದೆ ನಿಂತಿತು.

2005ರ ಆಗಸ್ಟ್ 29ರ ಕತ್ರೀನಾ ಹರಿಕೇನ್ ಎಲ್ಲರ ಆಲೋಚನೆಯನ್ನು ಬದಲಿಸಿತು. ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದು, ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ತರಬೇತಿ ಪಡೆಯುತ್ತಿದ್ದ ಚಾರಿಟಿ ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿತು. ವಿದ್ಯುತ್ ಹೋಯಿತು. ವೆಂಟಿಲೇಟರ್‌ಗಳು ನಿಂತವು. ದಾದಿಯರೂ ಕಿರಿಯ ವೈದ್ಯರೂ ಸರದಿಯ ಮೇಲೆ ಕೈಚೀಲವನ್ನು ಒತ್ತಿ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಕೊನೆಯ ರೋಗಿಗಳು ಹೊರಬಂದದ್ದು ದಿನಗಳ ನಂತರ. ಆ ಆಸ್ಪತ್ರೆ ಮತ್ತೆ ತೆರೆಯಲೇ ಇಲ್ಲ.

ಮೂರೇ ವಾರಗಳಲ್ಲಿ ರೀಟಾ ಹರಿಕೇನ್ ಟೆಕ್ಸಾಸ್ ಕಡೆಗೆ ಮುಖ ಮಾಡಿತು. ಗ್ಯಾಲ್ವೆಸ್ಟನ್ ಆಸ್ಪತ್ರೆ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಎಲ್ಲ ರೋಗಿಗಳನ್ನು ಸ್ಥಳಾಂತರಿಸಿತು. ಬಿರುಗಾಳಿ ಕೊನೆಗೆ ಪೂರ್ವಕ್ಕೆ ಸರಿದು ಹೋಯಿತು. ಆದರೆ ಸ್ಥಳಾಂತರದಲ್ಲೇ ದುರಂತಗಳಾದವು. ಹ್ಯೂಸ್ಟನ್ ಪ್ರದೇಶದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಗೇ ರಸ್ತೆಗಿಳಿದಿದ್ದರು. ವೃದ್ಧಾಶ್ರಮವೊಂದರ ಹಿರಿಯರನ್ನು ಸಾಗಿಸುತ್ತಿದ್ದ ಬಸ್ಸಿಗೆ ಡಲ್ಲಾಸ್ ಬಳಿ ಬೆಂಕಿ ಹೊತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರ್‌ಗಳೂ ಸಿಡಿದು 23 ಮಂದಿ ಸತ್ತರು. ಸಾಗಿಸುವುದು ಎಂದರೆ ಅಪಾಯದಿಂದ ಪಾರಾಗುವುದು ಎಂದಷ್ಟೇ ಅಲ್ಲ, ಇನ್ನೊಂದು ಅಪಾಯವನ್ನು ಆರಿಸಿಕೊಳ್ಳುವುದು ಕೂಡ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಮೂರು ವರ್ಷಗಳ ನಂತರ ಐಕ್ ಬಂತು. ರೀಟಾ ಸಮಯದ ರಸ್ತೆಯ ಪಾಡು ನೆನಪಿದ್ದ ಸಾವಿರಾರು ಮಂದಿ ಈ ಬಾರಿ ಹೊರಡಲಿಲ್ಲ. ಉಳಿದವರು ಸಾವನ್ನು ಎದುರಿಸಬೇಕಾದೀತು ಎಂದು ಹವಾಮಾನ ಕಚೇರಿ ಕಠಿಣ ಮಾತುಗಳಲ್ಲಿ ಎಚ್ಚರಿಸಿತ್ತು. ಆಸ್ಪತ್ರೆ ಮಾತ್ರ ಎರಡನೇ ಬಾರಿಗೆ ರೋಗಿಗಳನ್ನೆಲ್ಲ ಹೊರಸಾಗಿಸಿತು. ಅದೇ ಆವರಣದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಸೆರೆಮನೆಯ ಕೈದಿಗಳನ್ನೂ ಬಿಡಲಿಲ್ಲ.

2008ರ ಸೆಪ್ಟೆಂಬರ್ 13ರ ನಸುಕಿನ ಸುಮಾರು ಎರಡು ಗಂಟೆಗೆ ಐಕ್ ಗ್ಯಾಲ್ವೆಸ್ಟನ್ ಮೇಲೆಯೇ ದಡ ಸೇರಿತು. ಗಾಳಿಯ ಲೆಕ್ಕದಲ್ಲಿ ಅದು ಎರಡನೇ ದರ್ಜೆ. ಕೊಲ್ಲಿಯ ಕಡೆಗೆ ಮುಖಮಾಡಿದ ಕಡಲಗೋಡೆ ತನ್ನ ಕೆಲಸವನ್ನು ಮಾಡಿತು. ಆದರೆ ನೀರು ಗೋಡೆಯಿಲ್ಲದ ಹಿಂಬದಿಯ ಖಾರಿಯಿಂದ ಒಳಬಂತು. ಆಸ್ಪತ್ರೆ ಇರುವುದೂ ಆ ಬದಿಯಲ್ಲೇ. ಸುಮಾರು 10 ಲಕ್ಷ ಚದರ ಅಡಿ ಜಾಗ ನೀರಿನ ಪಾಲಾಯಿತು. ನೆಲ ಅಂತಸ್ತಿನಲ್ಲಿದ್ದ ಔಷಧಾಲಯ, ರಕ್ತನಿಧಿ, ಉಪಕರಣ ಶುದ್ಧೀಕರಣ ವಿಭಾಗ, ಅಡುಗೆಮನೆ ಎಲ್ಲವೂ ಹಾಳಾದವು. ಮೇಲಿನ ವಾರ್ಡುಗಳು ಒಣಗಿಯೇ ಇದ್ದವು. ಆದರೆ ಔಷಧವೂ ರಕ್ತವೂ ಊಟವೂ ಇಲ್ಲದ ವಾರ್ಡು ಆಸ್ಪತ್ರೆಯಾಗುವುದಿಲ್ಲ. ಮೊದಲೇ ಖಾಲಿ ಮಾಡಿದ್ದರಿಂದ ರೋಗಿಗಳು ಉಳಿದರು.

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಆದಾಯವಿಲ್ಲದ ಆಸ್ಪತ್ರೆಯಲ್ಲಿ ಸುಮಾರು 3,800 ಹುದ್ದೆಗಳನ್ನು ಕಡಿತಗೊಳಿಸಲು ಅದೇ ವರ್ಷದ ನವೆಂಬರ್‌ನಲ್ಲಿ ಒಪ್ಪಿಗೆ ನೀಡಲಾಯಿತು. ಬಿರುಗಾಳಿಯ ರಾತ್ರಿ ಕಟ್ಟಡ ಕಾದವರ ಊರಿನಲ್ಲೇ ಕೆಲಸ ಹೋಯಿತು. ಬಡವರ ಚಿಕಿತ್ಸೆಗೆ ಹೆಸರಾಗಿದ್ದ ಆಸ್ಪತ್ರೆ ಮತ್ತೆ ಒಳರೋಗಿಗಳನ್ನು ತೆಗೆದುಕೊಂಡದ್ದು 2009ರ ಜನವರಿಯಲ್ಲಿ. ತುರ್ತು ಚಿಕಿತ್ಸಾ ವಿಭಾಗ ತೆರೆದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಪುನರ್ನಿರ್ಮಾಣದಲ್ಲಿ ಮುಖ್ಯ ವಿಭಾಗಗಳನ್ನೆಲ್ಲ ಮೇಲಂತಸ್ತುಗಳಿಗೆ ಸಾಗಿಸಿ, ನೆಲ ಅಂತಸ್ತನ್ನು ನೀರು ಬಂದರೂ ತೊಳೆದುಕೊಳ್ಳಬಹುದಾದ ಜಾಗವಾಗಿ ಬಿಡಲಾಯಿತು. 2016ರಲ್ಲಿ ಜೆನ್ನಿ ಸೀಲಿ ಎಂಬ ಹೊಸ ಆಸ್ಪತ್ರೆ ಕಟ್ಟಡ ಸೇವೆಗೆ ತೆರೆಯಿತು.

ಇದೇ ಪಾಠವನ್ನು ಬೇರೆಡೆಯೂ ಕಲಿಯಬೇಕಾಯಿತು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಬಿರುಗಾಳಿ ಬಂದಾಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲ್ಯಾಂಗೋನ್ ಆಸ್ಪತ್ರೆಯಲ್ಲಿ ಜನರೇಟರುಗಳು ಎತ್ತರದಲ್ಲಿದ್ದವು, ಅವುಗಳಿಗೆ ಇಂಧನ ಪೂರೈಸುವ ವ್ಯವಸ್ಥೆ ನೆಲಮಾಳಿಗೆಯಲ್ಲಿತ್ತು. ನೀರು ನುಗ್ಗಿತು, ಕತ್ತಲಾಯಿತು. ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಆ ರಾತ್ರಿ ಕೆಳಗಿಳಿಸಬೇಕಾಯಿತು. ಅವರಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ 20 ಕೂಸುಗಳಿದ್ದವು. ದಾದಿಯರು ಅವನ್ನು ಎದೆಗವಚಿಕೊಂಡು, ಕೈಯಿಂದಲೇ ಉಸಿರು ಕೊಡುತ್ತಾ, ಒಂಬತ್ತು ಅಂತಸ್ತಿನ ಮೆಟ್ಟಿಲುಗಳನ್ನು ಟಾರ್ಚ್ ಬೆಳಕಿನಲ್ಲಿ ಇಳಿದರು. ಯಂತ್ರ ಎಲ್ಲಿದೆ ಎಂದು ಕೇಳಿದರೆ ಸಾಲದು, ಅದಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು.

ಗಡಿಯಾರವನ್ನು ಹಿಂದಕ್ಕೆ ಎಣಿಸುವ ಸಿದ್ಧತೆ

ಕಡಲತಡಿಯ ಆಸ್ಪತ್ರೆಗಳ ಯೋಜನೆ ಬಿರುಗಾಳಿ ಬರುವ ಕ್ಷಣದಿಂದ ಹಿಂದಕ್ಕೆ ಎಣಿಸುತ್ತದೆ. ಎಣಿಕೆಯ ಶೂನ್ಯ ಗಂಟೆ ಬಿರುಗಾಳಿಯ ಕಣ್ಣು ದಡ ಸೇರುವ ಗಳಿಗೆಯಲ್ಲ. ಗಂಟೆಗೆ 63 ಕಿಲೋಮೀಟರ್ ವೇಗದ ಗಾಳಿ ತಲುಪುವ ಗಳಿಗೆ. ಅಷ್ಟು ಗಾಳಿ ಬೀಸತೊಡಗಿದ ಮೇಲೆ ಆಂಬುಲೆನ್ಸ್, ಹೆಲಿಕಾಪ್ಟರ್‌ಗಳು ಸುರಕ್ಷಿತವಾಗಿ ಓಡಲಾರವು. ಆದ್ದರಿಂದ ಹವಾಮಾನ ಇಲಾಖೆಯೂ ಅದೇ ಗಳಿಗೆಗೆ 48 ಗಂಟೆ ಮೊದಲು ಮುನ್ನೆಚ್ಚರಿಕೆಯನ್ನೂ, 36 ಗಂಟೆ ಮೊದಲು ಖಚಿತ ಎಚ್ಚರಿಕೆಯನ್ನೂ ಕೊಡುತ್ತದೆ.

ಸಾಮಾನ್ಯವಾಗಿ ಸಿದ್ಧತೆ ಹೀಗೆ ಸಾಗುತ್ತದೆ:

ಋತು ಆರಂಭಕ್ಕೆ ಮುನ್ನ: ಜನರೇಟರುಗಳ ಪರೀಕ್ಷೆ, ಸಿಬ್ಬಂದಿಯ ಫೋನ್ ಸಂಖ್ಯೆಗಳ ಪರಿಷ್ಕರಣೆ, ರೋಗಿಗಳನ್ನು ತೆಗೆದುಕೊಳ್ಳಲು ಒಪ್ಪಿರುವ ಒಳನಾಡಿನ ಆಸ್ಪತ್ರೆಗಳೊಡನೆ ಲಿಖಿತ ಒಪ್ಪಂದ, ಅಣಕು ಕಾರ್ಯಾಚರಣೆ.

ನಾಲ್ಕೈದು ದಿನ ಮುಂಚೆ: ಆಜ್ಞಾ ಕೇಂದ್ರದ ಸಭೆಗಳು ಆರಂಭ. ಎಷ್ಟು ರೋಗಿಗಳಿದ್ದಾರೆ, ಅವರಲ್ಲಿ ನಡೆಯಬಲ್ಲವರೆಷ್ಟು, ಮಲಗಿಸಿ ಸಾಗಿಸಬೇಕಾದವರೆಷ್ಟು, ಯಂತ್ರದ ಮೇಲಿರುವವರೆಷ್ಟು ಎಂಬ ಲೆಕ್ಕ.

ಮೂರು ದಿನ ಮುಂಚೆ: ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳನ್ನು ನಿಲ್ಲಿಸುವುದು, ಮನೆಗೆ ಹೋಗಬಲ್ಲವರನ್ನು ಬಿಡುಗಡೆ ಮಾಡುವುದು, ಡಯಾಲಿಸಿಸ್ ರೋಗಿಗಳಿಗೆ ಮುಂಚಿತವಾಗಿ ಚಿಕಿತ್ಸೆ ಕೊಡುವುದು, ಇಂಧನ, ನೀರು, ಔಷಧ, ಆಮ್ಲಜನಕದ ದಾಸ್ತಾನು ತುಂಬುವುದು.

ಎರಡು ದಿನ ಮುಂಚೆ: ಸ್ಥಳಾಂತರವೋ ಉಳಿಯುವುದೋ ಎಂಬ ತೀರ್ಮಾನ. ಸ್ಥಳಾಂತರವಾದರೆ ತೀವ್ರ ನಿಗಾ ಘಟಕದವರೂ ಶಿಶುಗಳೂ ಮೊದಲು.

ಕೊನೆಯ ದಿನ: ಬಾಗಿಲು ಕಿಟಕಿಗಳ ಭದ್ರತೆ, ಉಳಿಯುವ ತಂಡ ಒಳಗೆ, ಉಳಿದವರೆಲ್ಲ ಹೊರಗೆ.

ಇದರಲ್ಲಿ ಅತ್ಯಂತ ಭಾರವಾದದ್ದು ಎರಡು ದಿನ ಮುಂಚಿನ ತೀರ್ಮಾನ. ಆ ಹೊತ್ತಿಗೆ ಬಿರುಗಾಳಿಯ ದಾರಿ ಖಚಿತವಿರುವುದಿಲ್ಲ. ಖಚಿತವಾಗುವ ಹೊತ್ತಿಗೆ ಸೇತುವೆ ಮುಚ್ಚಿರಬಹುದು. ಗಾಳಿ ಬೇರೆಡೆಗೆ ತಿರುಗಿದರೆ “ಸುಮ್ಮನೆ ರೋಗಿಗಳನ್ನು ಪೀಡಿಸಿದರು” ಎಂಬ ಮಾತು. ಬಂದರೆ “ಯಾಕೆ ಮೊದಲೇ ಸಾಗಿಸಲಿಲ್ಲ” ಎಂಬ ಮಾತು. ರೀಟಾ ಮತ್ತು ಐಕ್ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಇದರ ಅರ್ಥ ತಿಳಿಯುತ್ತದೆ. ರೀಟಾದಲ್ಲಿ ವ್ಯರ್ಥವೆನಿಸಿದ ಶ್ರಮವೇ ಐಕ್‌ನಲ್ಲಿ ಆಸ್ಪತ್ರೆಯವರ ಕೈಗೆ ಅಭ್ಯಾಸವಾಗಿ ಒದಗಿತು.

ಕತ್ರೀನಾ ನಂತರದ ಅನುಭವಗಳಿಂದ ನಿಯಮಗಳೂ ಬಿಗಿಯಾದವು. ಹೊರಗಿನ ನೆರವಿಲ್ಲದೆ 96 ಗಂಟೆ ನಡೆಯಲು ತನ್ನಲ್ಲಿ ಏನಿದೆ, ಏನಿಲ್ಲ ಎಂಬುದು ಪ್ರತಿ ಆಸ್ಪತ್ರೆಗೂ ತಿಳಿದಿರಬೇಕೆಂದು ಮಾನ್ಯತೆ ನೀಡುವ ಸಂಸ್ಥೆ ಕೇಳುತ್ತದೆ. 2016ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ಸರ್ಕಾರಿ ವಿಮೆಯ ಹಣ ಪಡೆಯುವ ಪ್ರತಿ ಆಸ್ಪತ್ರೆಗೂ ತುರ್ತು ಯೋಜನೆ, ಸಂಪರ್ಕ ಯೋಜನೆ, ತರಬೇತಿ, ಅಣಕು ಕಾರ್ಯಾಚರಣೆ ಕಡ್ಡಾಯ. ನ್ಯೂ ಆರ್ಲಿಯನ್ಸ್‌ನಲ್ಲಿ ಚಾರಿಟಿ ಆಸ್ಪತ್ರೆಯ ಬದಲಿಗೆ 2015ರಲ್ಲಿ ತೆರೆದ ವಿಶ್ವವಿದ್ಯಾಲಯ ವೈದ್ಯಕೀಯ ಕೇಂದ್ರದಲ್ಲಿ ಅತ್ಯಗತ್ಯ ವಿಭಾಗಗಳೆಲ್ಲ ಪ್ರವಾಹದ ಮಟ್ಟಕ್ಕಿಂತ ಮೇಲಿವೆ. ಫ್ಲೋರಿಡಾದ ಟ್ಯಾಂಪಾ ನಗರದಲ್ಲಿ ದ್ವೀಪವೊಂದರ ಮೇಲಿರುವ ಬೋಧನಾ ಆಸ್ಪತ್ರೆಯು 2024ರ ಹೆಲೀನ್ ಹರಿಕೇನ್ ಸಮಯದಲ್ಲಿ ತನ್ನ ಸುತ್ತ ಜೋಡಿಸಿ ನಿಲ್ಲಿಸಿದ ತಾತ್ಕಾಲಿಕ ನೀರುಬೇಲಿ ಕಡಲನ್ನು ಹೊರಗೇ ತಡೆಯಿತು.

ಎಚ್ಚರಿಕೆಯ ಸಂದೇಶ: ಒಂದೇ ದಾರಿಯನ್ನು ನಂಬಬಾರದು

ವಿಶ್ವವಿದ್ಯಾಲಯ ಆಸ್ಪತ್ರೆ ಎಂದರೆ ರೋಗಿಗಳು ಮಾತ್ರವಲ್ಲ. ವಿದ್ಯಾರ್ಥಿಗಳು, ಸಂಶೋಧಕರು, ಹಾಸ್ಟೆಲ್‌ನಲ್ಲಿರುವವರು, ಸಂದರ್ಶಕರು, ಸ್ವಚ್ಛತಾ ಕೆಲಸಗಾರರು ಎಲ್ಲರೂ ಅಲ್ಲಿರುತ್ತಾರೆ. ಎಲ್ಲರಿಗೂ ಏಕಕಾಲಕ್ಕೆ ಮಾತು ಮುಟ್ಟಬೇಕು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಬಂದೂಕುಧಾರಿಯೊಬ್ಬ 32 ಮಂದಿಯನ್ನು ಕೊಂದ ಘಟನೆಯ ನಂತರ, ಆವರಣಕ್ಕೆ ಅಪಾಯ ಎದುರಾದರೆ ತಡಮಾಡದೆ ಎಲ್ಲರಿಗೂ ತಿಳಿಸಬೇಕು ಎಂದು 2008ರಲ್ಲಿ ಅಮೆರಿಕದ ಕಾನೂನು ಬದಲಾಯಿತು. ಅಂದಿನಿಂದ ವಿಶ್ವವಿದ್ಯಾಲಯಗಳಲ್ಲಿ ಎಸ್‌ಎಂಎಸ್, ಇಮೇಲ್, ಧ್ವನಿ ಕರೆ, ಸೈರನ್, ಧ್ವನಿವರ್ಧಕಗಳ ಜಂಟಿ ವ್ಯವಸ್ಥೆ ರೂಢಿಗೆ ಬಂತು. ಅದೇ ವ್ಯವಸ್ಥೆ ಹರಿಕೇನ್ ಕಾಲಕ್ಕೂ ಬಳಕೆಯಾಗುತ್ತದೆ.

ಇದರ ಜೊತೆಗೆ 2012ರಿಂದ ಮೊಬೈಲ್ ಗೋಪುರಗಳ ಮೂಲಕ ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಒಮ್ಮೆಗೇ ಹೋಗುವ ಸರ್ಕಾರಿ ಎಚ್ಚರಿಕೆ ಬಂತು. ಇದು ಸಾಮಾನ್ಯ ಎಸ್‌ಎಂಎಸ್ ಅಲ್ಲ. ಯಾರ ಸಂಖ್ಯೆಯೂ ಬೇಕಿಲ್ಲ, ದಟ್ಟಣೆಯಲ್ಲಿ ಸಿಲುಕುವುದಿಲ್ಲ, ವಿಚಿತ್ರ ಸದ್ದು ಮಾಡಿ ಗಮನ ಸೆಳೆಯುತ್ತದೆ. ಮೊದಲು 90 ಅಕ್ಷರಗಳಿಗೆ ಸೀಮಿತವಾಗಿದ್ದ ಸಂದೇಶ 2019ರ ಕೊನೆಯಲ್ಲಿ 360 ಅಕ್ಷರಗಳಿಗೆ ಬೆಳೆಯಿತು.

ಒಳ್ಳೆಯ ಎಚ್ಚರಿಕೆ ಐದು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಹೇಳುತ್ತಿರುವವರು ಯಾರು? ಅಪಾಯ ಏನು? ಎಲ್ಲಿ? ಯಾವಾಗಿನವರೆಗೆ? ನಾನು ಈಗ ಏನು ಮಾಡಬೇಕು? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಸಂದೇಶ ಭಯವನ್ನಷ್ಟೇ ಹಂಚುತ್ತದೆ. ಬಣ್ಣಗಳ ಗುಪ್ತ ಸಂಕೇತಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗಿರುವುದರಿಂದ ಹಲವು ಕಡೆ ಸರಳ ಮಾತಿನಲ್ಲೇ ಘೋಷಿಸುವ ಪದ್ಧತಿ ಬರುತ್ತಿದೆ. ಅಪಾಯ ಮುಗಿದ ಮೇಲೆ “ಮುಗಿಯಿತು” ಎಂದು ಹೇಳುವುದೂ ಅಷ್ಟೇ ಮುಖ್ಯ. ಹೇಳದಿದ್ದರೆ ಮುಂದಿನ ಎಚ್ಚರಿಕೆಯನ್ನು ಜನ ನಂಬುವುದಿಲ್ಲ.

ಉಳಿಯುವವರು ಮತ್ತು ಹಿಂದಿನಿಂದ ಬರುವವರು

ಸಿಬ್ಬಂದಿಯನ್ನು ಎರಡು ತಂಡಗಳಾಗಿ ಮಾಡುವುದು ಈ ಆಸ್ಪತ್ರೆಗಳ ಪದ್ಧತಿ. ಒಂದು ತಂಡ ಬಿರುಗಾಳಿ ಮುಗಿಯುವ ತನಕ ಒಳಗೇ ಉಳಿಯುತ್ತದೆ. ಇನ್ನೊಂದು ತಂಡ ಸುರಕ್ಷಿತ ಜಾಗಕ್ಕೆ ಹೋಗಿ, ರಸ್ತೆ ತೆರೆದೊಡನೆ ಬಂದು ದಣಿದವರನ್ನು ಬಿಡಿಸುತ್ತದೆ. ಒಳಗುಳಿಯುವವರು ಹಾಸಿಗೆ, ಬಟ್ಟೆ, ಔಷಧ, ಟಾರ್ಚ್ ತಂದಿರಬೇಕು. ಮೊದಲು ತಮ್ಮ ಮನೆಯವರನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಿರಬೇಕು. ಮನೆಯ ಚಿಂತೆಯಿರುವ ದಾದಿ ಮನಸ್ಸಿಟ್ಟು ಕೆಲಸ ಮಾಡಲಾರಳು ಎಂಬುದನ್ನು ಯೋಜನೆಯೇ ಒಪ್ಪಿಕೊಂಡಿದೆ. ಹಾಗಾಗಿ ದೂರದಲ್ಲಿರುವ ನಾವು ಆ ಹೊತ್ತಿನಲ್ಲಿ ಮತ್ತೆ ಮತ್ತೆ ಕರೆ ಮಾಡುವುದು ಬೇಡ. ದಿನಕ್ಕೊಂದು ಚಿಕ್ಕ ಸಂದೇಶ ಸಾಕು. ಕರೆ ಹೋಗದ ಕಡೆಯೂ ಸಂದೇಶ ಹೋಗುವ ಸಂಭವ ಹೆಚ್ಚು, ಬ್ಯಾಟರಿಯೂ ಉಳಿಯುತ್ತದೆ.

ಬಿರುಗಾಳಿ ದಾಟಿದ ಮೇಲೂ ಸಾವುಗಳು ನಿಲ್ಲುವುದಿಲ್ಲ. ಮನೆಯೊಳಗೆ ಜನರೇಟರ್ ಓಡಿಸಿ ಇಂಗಾಲದ ಮೊನಾಕ್ಸೈಡ್ ಅನಿಲದಿಂದ ಸತ್ತವರಿದ್ದಾರೆ. 2017ರ ಇರ್ಮಾ ಹರಿಕೇನ್ ನಂತರ ಫ್ಲೋರಿಡಾದ ಒಂದು ಶುಶ್ರೂಷಾಲಯದಲ್ಲಿ ಹವಾನಿಯಂತ್ರಣ ಕೆಟ್ಟು, ಸೆಕೆ ತಾಳಲಾರದೆ 12 ಮಂದಿ ಹಿರಿಯರ ಸಾವು ಸಂಭವಿಸಿತು. ರಸ್ತೆಯಾಚೆಯೇ ಒಂದು ಆಸ್ಪತ್ರೆ ಇತ್ತು. 2024ರ ಜುಲೈ 8ರಂದು ಬೆರಿಲ್ ಹರಿಕೇನ್ ಟೆಕ್ಸಾಸ್‌ಗೆ ಅಪ್ಪಳಿಸಿದಾಗ ಹ್ಯೂಸ್ಟನ್ ಪ್ರದೇಶದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆ ಮಳಿಗೆಗಳ ವಿದ್ಯುತ್ ಹೋಯಿತು. ಅದು ಒಂದನೇ ದರ್ಜೆಯ ಹರಿಕೇನ್ ಅಷ್ಟೇ.

ನಮ್ಮ ಕರಾವಳಿಗೆ ಇದರಿಂದ ಏನು?

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ ಏಳುತ್ತವೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಮನೆ, ರಸ್ತೆ, ದೋಣಿಗಳನ್ನು ಹಾಳುಮಾಡಿ ಉತ್ತರಕ್ಕೆ ಸಾಗಿತು. ಕೋವಿಡ್ ಎರಡನೇ ಅಲೆಯ ಆ ದಿನಗಳಲ್ಲಿ ಮುಂಬಯಿಯ ತಾತ್ಕಾಲಿಕ ಕೇಂದ್ರಗಳಿಂದ ನೂರಾರು ರೋಗಿಗಳನ್ನು ಮುಂಚಿತವಾಗಿ ಬೇರೆಡೆಗೆ ಸಾಗಿಸಲಾಯಿತು. ಭಾರತೀಯ ಹವಾಮಾನ ಇಲಾಖೆ 72 ಗಂಟೆ ಮೊದಲು ಪೂರ್ವಸೂಚನೆ, 48 ಗಂಟೆ ಮೊದಲು ಮುನ್ನೆಚ್ಚರಿಕೆ, 24 ಗಂಟೆ ಮೊದಲು ಎಚ್ಚರಿಕೆ ಎಂದು ಹಂತ ಹಂತವಾಗಿ ತಿಳಿಸುತ್ತದೆ. 2023ರಲ್ಲಿ ನಮ್ಮೆಲ್ಲರ ಫೋನುಗಳು ಒಮ್ಮೆಲೇ ಕಿರುಚಿದ ಪರೀಕ್ಷಾ ಸಂದೇಶ ಇದೇ ಬಗೆಯ ವ್ಯವಸ್ಥೆಗೆ ಸೇರಿದ್ದು. ಎಚ್ಚರಿಕೆ ಫಲಿಸುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಮಂದಿ ಸತ್ತರು. 2019ರಲ್ಲಿ ಫೋನಿ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವಿನ ಸಂಖ್ಯೆ ನೂರನ್ನು ಮುಟ್ಟಲಿಲ್ಲ.

ಧರ್ಮಕೇಂದ್ರಗಳ ಪಾಲನಾ ಮಂಡಳಿ, ವಾರ್ಡಿನ ಗುರಿಕಾರರು, ಯುವಜನರು ಈ ಕೆಲವನ್ನು ಮಳೆಗಾಲಕ್ಕೆ ಮುನ್ನ ಮಾಡಬಹುದು:

ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ಡಯಾಲಿಸಿಸ್ ಅಥವಾ ಆಮ್ಲಜನಕದ ಯಂತ್ರ ಅವಲಂಬಿಸಿದವರು, ದಿನ ತುಂಬಿದ ಗರ್ಭಿಣಿಯರು ಇರುವ ಮನೆಗಳ ಪಟ್ಟಿಯನ್ನು ವಾರ್ಡುವಾರು ಕಾಗದದ ಮೇಲೆ ಬರೆದಿಡುವುದು. ಮನೆಯವರ ಒಪ್ಪಿಗೆ ಇರಲಿ, ಪಟ್ಟಿ ಗುಟ್ಟಾಗಿರಲಿ.

ಪ್ರತಿ ಮನೆಗೂ ಎಚ್ಚರಿಕೆ ಮುಟ್ಟಿಸುವ ಒಬ್ಬರನ್ನು ಹೆಸರಿಸುವುದು. ಫೋನು ಕೆಲಸ ಮಾಡದಿದ್ದರೆ ಯಾರು ನಡೆದು ಹೋಗುತ್ತಾರೆ? ದೇವಾಲಯದ ಗಂಟೆಯ ಯಾವ ಬಡಿತಕ್ಕೆ ಯಾವ ಅರ್ಥ? ಇದನ್ನು ಬಲಿಪೂಜೆಯ ನಂತರದ ಪ್ರಕಟಣೆಯಲ್ಲಿ ತಿಳಿಸುವುದು.

ಸಭಾಭವನ, ಶಾಲೆ, ಚಿಕಿತ್ಸಾಲಯಗಳ ಜನರೇಟರ್, ಇಂಧನದ ಡಬ್ಬಿ, ಔಷಧದ ಕಪಾಟು ನೆಲದಲ್ಲಿವೆಯೇ, ಎತ್ತರದಲ್ಲಿವೆಯೇ ಎಂದು ಒಮ್ಮೆ ಕಣ್ಣಾರೆ ನೋಡುವುದು.

ತುರ್ತು ಸೇವೆಯ 112, ಆಂಬುಲೆನ್ಸಿನ 108, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕುವುದು.

ಇಲಾಖೆಯಿಂದ ಬಂದ ಸಂದೇಶವನ್ನು ಮಾತ್ರ ಮುಂದಕ್ಕೆ ಕಳುಹಿಸುವುದು. ಗಾಳಿಸುದ್ದಿ ಹರಡುವವನು ಮುಂದಿನ ನಿಜವಾದ ಎಚ್ಚರಿಕೆಯ ಬಲವನ್ನೇ ಕಡಿಮೆ ಮಾಡುತ್ತಾನೆ.

ದೇವರು ಕಾಪಾಡುತ್ತಾರೆ, ಸಿದ್ಧತೆ ಏಕೆ ಎಂದು ಕೇಳುವವರಿದ್ದಾರೆ. ಹವಾನಾದ ಯೇಸುಸಭೆಯ ಗುರುಗಳು ಪ್ರಾರ್ಥನೆಯನ್ನೂ ಮಾಡಿದರು, ವಾಯುಭಾರವನ್ನೂ ಅಳೆದರು. ಗ್ಯಾಲ್ವೆಸ್ಟನ್‌ನ ಭಗಿನಿಯರು ಹಾಡನ್ನೂ ಹಾಡಿದರು, ಹಗ್ಗವನ್ನೂ ಕಟ್ಟಿದರು. ಅವರಿಗೆ ಸಿಗದೇ ಹೋದದ್ದು ಎರಡು ದಿನ ಮುಂಚೆ ಬರಬೇಕಿದ್ದ ಒಂದು ತಂತಿ ಸಂದೇಶ. ನಮಗೆ ಅದು ಸಿಗುತ್ತಿದೆ. ಅದನ್ನು ಪಕ್ಕದ ಮನೆಯ ಅಜ್ಜಿಯವರೆಗೂ ಮುಟ್ಟಿಸುವುದು ನಮ್ಮ ನಮ್ಮ ಧರ್ಮಕೇಂದ್ರದ ಕೆಲಸ. ಈ ಮಳೆಗಾಲಕ್ಕೆ ಮುನ್ನ ಬರುವ ಪಾಲನಾ ಮಂಡಳಿಯ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡಿ ಎಂದು ಎಲ್ಲರಲ್ಲಿ ಕೋರುತ್ತೇವೆ.